ನಮ್ಮ ಕೋರ್ಸ್ ನಿಜಕ್ಕೂ ಕಲಿಸುತ್ತಿದೆಯಾ? ಪದವಿ ಕಾರ್ಯಕ್ರಮವನ್ನು ಹಂತ ಹಂತವಾಗಿ ಪರಿಶೀಲಿಸುವ ಬಗೆ

ನಮ್ಮ ರಸಾಯನಶಾಸ್ತ್ರ ವಿಭಾಗದ ಪರಿಶೀಲನೆಗೆ ಬಂದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ನಾವು ಸಾಲಾಗಿ ಜೋಡಿಸಿಟ್ಟಿದ್ದ ಹೊಸ ಫೈಲ್‌ಗಳನ್ನು ಮುಟ್ಟಲೇ ಇಲ್ಲ. ಐದು ವರ್ಷದ ಹಿಂದಿನ ವರದಿ ಕೊಡಿ ಎಂದರು. ಅದರ ಕೊನೆಯ ಪುಟ ತೆಗೆದರು. ಅಲ್ಲಿ ಒಂಬತ್ತು ಶಿಫಾರಸುಗಳಿದ್ದವು. ಒಂದೊಂದರ ಮೇಲೂ ಬೆರಳಿಟ್ಟು, "ಇದು ಏನಾಯ್ತು? ಇದು?" ಎಂದು ಕೇಳುತ್ತಾ ಹೋದರು. ಎರಡಕ್ಕೆ ನಮ್ಮ ಹತ್ತಿರ ಉತ್ತರವಿತ್ತು. ಉಳಿದ ಏಳನ್ನು ಬರೆದವರು ಯಾರು, ಯಾಕೆ ಬರೆದರು ಅನ್ನುವುದೇ ಯಾರಿಗೂ ನೆನಪಿರಲಿಲ್ಲ.

ನಾನು ಸ್ವಾಯತ್ತ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಆ ಪ್ರಶ್ನೆಯ ನಂತರ ವಿಭಾಗದ ಪರಿಶೀಲನೆಯನ್ನು ಮುಂದೆ ನಿಂತು ನಡೆಸಿದ್ದೇನೆ, ಬೇರೆ ಕಾಲೇಜುಗಳ ಪರಿಶೀಲನೆಗೂ ಹೋಗಿದ್ದೇನೆ. ಈ ಬರಹ ಹೊಸದಾಗಿ ವಿಭಾಗದ ಮುಖ್ಯಸ್ಥರಾದವರಿಗೆ, ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶದ, ಅಂದರೆ ಐಕ್ಯೂಎಸಿಯ, ಜವಾಬ್ದಾರಿ ಹೆಗಲಿಗೆ ಬಿದ್ದವರಿಗೆ, "ಕಮಿಟಿಯಲ್ಲಿ ನಿಮ್ಮ ಹೆಸರು ಹಾಕಿದ್ದೇವೆ" ಎಂಬ ಮೆಸೇಜ್ ಈಗಷ್ಟೇ ನೋಡಿದ ಕಿರಿಯ ಅಧ್ಯಾಪಕರಿಗೆ.

ಯಾವ ಪರಿಶೀಲನೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ನಮ್ಮಲ್ಲಿ ಹಲವು ಪರಿಶೀಲನೆಗಳು ಒಂದರ ಮೇಲೊಂದು ಬರುತ್ತವೆ. ಎಲ್ಲವನ್ನೂ ಒಂದೇ ಅಂದುಕೊಂಡರೆ ಕೆಲಸ ಗೋಜಲಾಗುತ್ತದೆ.

ಪ್ರತಿ ವರ್ಷ ನಡೆಯುವುದು ಚಿಕ್ಕ ಪರಿಶೀಲನೆ. ಫಲಿತಾಂಶ ನೋಡುತ್ತೇವೆ, ಫೀಡ್‌ಬ್ಯಾಕ್ ತೆಗೆದುಕೊಳ್ಳುತ್ತೇವೆ, ಕೋರ್ಸ್ ಫೈಲ್ ಮುಚ್ಚುತ್ತೇವೆ. ಐಕ್ಯೂಎಸಿ ಎಲ್ಲ ವಿಭಾಗಗಳದ್ದನ್ನೂ ಸೇರಿಸಿ ಎಕ್ಯೂಎಆರ್ ಎಂಬ ವಾರ್ಷಿಕ ವರದಿ ಮಾಡಿ, ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ಗೆ ಕಳಿಸುತ್ತದೆ. ಎರಡನೆಯದು ಸಿಲಬಸ್ ಪರಿಷ್ಕರಣೆ. ಅದು ಅಧ್ಯಯನ ಮಂಡಳಿಯ ಕೆಲಸ. ಎಲ್ಲರೂ ಅದನ್ನು ಬಿಒಎಸ್ ಎಂದೇ ಕರೆಯುತ್ತಾರೆ. ಮೂರನೆಯದು ಐದಾರು ವರ್ಷಕ್ಕೊಮ್ಮೆ ಇಡೀ ಕಾರ್ಯಕ್ರಮವನ್ನು ಬುಡದಿಂದ ನೋಡುವುದು. ಈ ಪದವಿ ಯಾಕಿದೆ, ಯಾರು ಬಂದು ಸೇರುತ್ತಿದ್ದಾರೆ, ಏನು ಕಲಿತು ಹೊರಗೆ ಹೋಗುತ್ತಿದ್ದಾರೆ ಅಂತ. ನಾನಿಲ್ಲಿ ಹೇಳುತ್ತಿರುವುದು ಈ ಮೂರನೆಯದರ ಬಗ್ಗೆ.

ನ್ಯಾಕ್ ಮತ್ತು ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಹೊರಗಿನಿಂದ ಬರುವ ಪರೀಕ್ಷೆಗಳು. ನ್ಯಾಕ್ ಅನ್ನು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 1994ರಲ್ಲಿ ಸ್ಥಾಪಿಸಿತು. ಅದರ ಮುಖ್ಯ ಕಚೇರಿ ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. ಅದು ನೋಡುವುದು ಇಡೀ ಸಂಸ್ಥೆಯನ್ನು. ಎನ್‌ಬಿಎ ಹಾಗಲ್ಲ. ಅದು ಎಂಜಿನಿಯರಿಂಗ್‌ನಂತಹ ವೃತ್ತಿಪರ ಕೋರ್ಸ್‌ಗಳನ್ನು ಒಂದೊಂದಾಗಿ ನೋಡುತ್ತದೆ. ಒಂದೇ ಕಾಲೇಜಿನಲ್ಲಿ ಸಿವಿಲ್‌ಗೆ ಮಾನ್ಯತೆ ಸಿಕ್ಕಿ ಮೆಕ್ಯಾನಿಕಲ್‌ಗೆ ಸಿಗದೇ ಇರಬಹುದು. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ದೇಶವಾಯಿತು. "ಕಲಿಕೆಯ ಫಲಿತಾಂಶ" ಎಂಬ ಮಾತು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಷ್ಟು ಬೇರೂರಿದ್ದಕ್ಕೆ ಅದೂ ಒಂದು ಮುಖ್ಯ ಕಾರಣ.

ಇವೆರಡಕ್ಕೂ ತಯಾರಾಗುವುದು ಬೇಕು, ಬೇಡ ಅನ್ನುತ್ತಿಲ್ಲ. ಆದರೆ ವಿಭಾಗದ ಪರಿಶೀಲನೆ ಅದಕ್ಕಿಂತ ಮುಂಚೆ, ಅದಕ್ಕೋಸ್ಕರ ಅಲ್ಲದೆ ನಡೆಯಬೇಕು. ಯಾಕೆಂದರೆ ಹೊರಗಿನವರ ಮುಂದೆ ನಾವು ನಮ್ಮ ಒಳ್ಳೆಯದನ್ನೇ ತೋರಿಸುತ್ತೇವೆ. ಮನೆಯೊಳಗಿನ ಪರಿಶೀಲನೆಯಲ್ಲಿ ಮಾತ್ರ ತೂತು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಲು ಆಗುತ್ತದೆ. ಯುರೋಪಿನಲ್ಲಿ 2015ರಲ್ಲಿ ಪರಿಷ್ಕರಿಸಿದ ಗುಣಮಟ್ಟದ ಮಾರ್ಗಸೂಚಿಗಳು ಕೂಡ ಈ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿವೆ. ಕಾರ್ಯಕ್ರಮವನ್ನು ಕಾಲಕಾಲಕ್ಕೆ ನೋಡಿಕೊಳ್ಳುವ ಹೊಣೆ ಅಲ್ಲಿ ವಿಶ್ವವಿದ್ಯಾಲಯದ್ದೇ. ಹೊರಗಿನವರು ಬರುವುದು ಅದರ ಮೇಲೆ.

ಹಂತ 1: ಸಣ್ಣ ತಂಡ, ಒಂಬತ್ತು ತಿಂಗಳು

ನಾಲ್ಕೈದು ಜನ ಸಾಕು. ಅದರಲ್ಲಿ ಒಬ್ಬರು ಇನ್ನೊಂದು ವಿಭಾಗದವರಿರಲಿ. ಭೌತಶಾಸ್ತ್ರದವರೋ ಇಂಗ್ಲಿಷಿನವರೋ ಯಾರಾದರೂ ಆದೀತು. ನಮಗೆ ಅಭ್ಯಾಸವಾಗಿ ಕಣ್ಣಿಗೇ ಬೀಳದ ವಿಷಯ ಅವರಿಗೆ ತಕ್ಷಣ ಕಾಣುತ್ತದೆ. ಲ್ಯಾಬ್ ಇರುವ ವಿಭಾಗವಾದರೆ ಹಿರಿಯ ಅಟೆಂಡರ್ ಒಬ್ಬರನ್ನು ಸಭೆಗೆ ಕರೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಸೆಮಿಸ್ಟರ್ ಮಾಹಿತಿ ಕಲೆಹಾಕಲು, ಎರಡು ತಿಂಗಳು ಬರೆಯಲು, ಆಮೇಲೆ ಹೊರಗಿನ ತಜ್ಞರ ಭೇಟಿ, ಕೊನೆಗೆ ಬಿಒಎಸ್. ಒಂಬತ್ತು ತಿಂಗಳು ಬೇಕೇ ಬೇಕು. ಆರು ವಾರದಲ್ಲಿ ಮುಗಿಸಿ ಎಂದು ಮೇಲಿನಿಂದ ಒತ್ತಡ ಬಂದರೆ, ಇಡೀ ಕಾರ್ಯಕ್ರಮ ಬಿಟ್ಟು ಮೊದಲ ವರ್ಷವನ್ನು ಮಾತ್ರ ಸರಿಯಾಗಿ ನೋಡಿ. ಎಲ್ಲವನ್ನೂ ಮೇಲಿಂದ ಮೇಲೆ ಮುಟ್ಟಿ ಬಿಡುವುದಕ್ಕಿಂತ ಅದು ಎಷ್ಟೋ ಉಪಯೋಗ.

ಹಂತ 2: ಹಳೆಯ ವರದಿಯಿಂದ ಶುರು ಮಾಡಿ

ಮೊದಲ ಸಭೆಯಲ್ಲಿ ಮೇಜಿನ ಮೇಲೆ ಒಂದೇ ಕಾಗದ ಇರಲಿ: ಹಿಂದಿನ ಪರಿಶೀಲನೆಯ ಶಿಫಾರಸುಗಳು. ಪ್ರತಿಯೊಂದರ ಮುಂದೆ ನಾಲ್ಕರಲ್ಲಿ ಒಂದನ್ನು ಬರೆಯಿರಿ: ಆಯಿತು, ಅರ್ಧ ಆಯಿತು, ಆಗಲಿಲ್ಲ, ಈಗ ಬೇಕಿಲ್ಲ. "ಆಗಲಿಲ್ಲ" ಎಂದು ಬರೆದ ಕಡೆ ಕಾರಣವನ್ನೂ ಬರೆಯಿರಿ. ದುಡ್ಡು ಸಿಗಲಿಲ್ಲವೋ, ಹುದ್ದೆ ಖಾಲಿ ಉಳಿಯಿತೋ, ಯಾರಿಗೂ ವಹಿಸಲೇ ಇಲ್ಲವೋ?

ನಮ್ಮಲ್ಲಿ ಏಳರಲ್ಲಿ ಐದಕ್ಕೆ ಕಾರಣ ಕೊನೆಯದೇ ಆಗಿತ್ತು. ಒಳ್ಳೆಯ ಮಾತುಗಳನ್ನೇ ಬರೆದಿದ್ದೆವು. "ಉದ್ಯಮದೊಂದಿಗೆ ಸಂಪರ್ಕ ಬಲಪಡಿಸಬೇಕು" ಅಂತ. ಯಾರು ಬಲಪಡಿಸಬೇಕು, ಯಾವಾಗಿನೊಳಗೆ ಅಂತ ಇರಲಿಲ್ಲ. ಹಳೆಯ ವರದಿಯೇ ಸಿಗದಿದ್ದರೆ ಹಿಂದಿನ ಮೂರು ವರ್ಷದ ಬಿಒಎಸ್ ನಡಾವಳಿ ಪುಸ್ತಕ ತೆಗೆಯಿರಿ. ಅದರಲ್ಲಿ ಸಿಕ್ಕೇ ಸಿಗುತ್ತದೆ.

ಹಂತ 3: ನಾವು ಏನೆಂದು ಮಾತು ಕೊಟ್ಟಿದ್ದೇವೆ?

ಪ್ರತಿ ಪದವಿಗೂ ಪ್ರೋಗ್ರಾಂ ಔಟ್‌ಕಮ್‌ಗಳಿವೆ, ಪ್ರತಿ ಕೋರ್ಸ್‌ಗೂ ಕೋರ್ಸ್ ಔಟ್‌ಕಮ್‌ಗಳಿವೆ. ಅಂದರೆ ಮುಗಿಸುವ ಹೊತ್ತಿಗೆ ವಿದ್ಯಾರ್ಥಿಗೆ ಏನೇನು ಬರಬೇಕು ಎಂಬ ಪಟ್ಟಿ. ಪಿಒ, ಸಿಒ ಎಂದು ದಿನಾ ಹೇಳುತ್ತೇವೆ. ಬಹಳ ಕಡೆ ಇವು ಇನ್ನೊಂದು ವಿಶ್ವವಿದ್ಯಾಲಯದ ಸಿಲಬಸ್‌ನಿಂದ ಹಾಗೇ ಇಳಿದು ಬಂದಿರುತ್ತವೆ. ಅದಕ್ಕೆ ಒಂದು ಕೆಲಸ ಮಾಡಿ. ಪ್ರತಿ ಸಿಒ ಅನ್ನು ಎಸ್‌ಎಸ್‌ಎಲ್‌ಸಿ ಮಾತ್ರ ಓದಿದ ಪೋಷಕರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ. "ಈ ಕೋರ್ಸ್ ಮುಗಿಸಿದ ವಿದ್ಯಾರ್ಥಿ ಬೇಕಾದ ಸಾಂದ್ರತೆಯ ದ್ರಾವಣವನ್ನು ತಾನೇ ಲೆಕ್ಕ ಹಾಕಿ ತಯಾರಿಸಬಲ್ಲ." ಹೀಗೆ ಬರೆಯಲು ಬಂತು ಅಂದರೆ ಆ ಸಿಒಗೆ ಅರ್ಥ ಇದೆ. "ಪರಿಕಲ್ಪನೆಗಳ ಬಗ್ಗೆ ಒಳನೋಟ ಪಡೆಯುವರು" ಅನ್ನುವುದನ್ನು ಅಳೆಯುವುದು ಹೇಗೆ? ಅಳೆಯಲು ಬಾರದ್ದನ್ನು ಬದಲಿಸಬೇಕೆಂದು ಗುರುತು ಹಾಕಿಕೊಳ್ಳಿ.

ಆಮೇಲೆ ಪಿಒ ಮತ್ತು ಸಿಒಗಳ ಹೊಂದಾಣಿಕೆ ಕೋಷ್ಟಕ ನೋಡಿ. ಅದರಲ್ಲಿ 1 ಅಂದರೆ ಸಡಿಲ ನಂಟು, 3 ಅಂದರೆ ಗಟ್ಟಿ ನಂಟು. ಎಲ್ಲ ಮನೆಯಲ್ಲೂ 3 ತುಂಬಿದ್ದರೆ ಅದು ಯೋಚನೆ ಮಾಡಿ ತುಂಬಿದ ಕೋಷ್ಟಕವಲ್ಲ. ಪರಿಸರ ಕಾಳಜಿಗೆ ಥರ್ಮೋಡೈನಮಿಕ್ಸ್ ಕೋರ್ಸ್ 3 ಕೊಡುತ್ತದೆ ಅಂದರೆ ಯಾವ ಪಾಠದಲ್ಲಿ, ಯಾವ ಪ್ರಶ್ನೆಯಲ್ಲಿ ಎಂದು ತೋರಿಸಬೇಕು. ತೋರಿಸಲು ಆಗದಿದ್ದರೆ ಆ ಮನೆ ಖಾಲಿ ಬಿಡಿ. ಖಾಲಿ ಮನೆ ಅವಮಾನ ಅಲ್ಲ. ಯಾವುದೋ ಒಂದು ಪಿಒ ಸಾಲು ಪೂರ್ತಿ ಖಾಲಿಯಾದರೆ ಆಗ ಅದು ದೊಡ್ಡ ಸುದ್ದಿ. ಅದನ್ನು ಕಲಿಸುವ ಕೋರ್ಸೇ ನಮ್ಮಲ್ಲಿಲ್ಲ ಎಂದಾಯಿತು.

ಹಂತ 4: ಸಂಖ್ಯೆಗಳನ್ನು ಸೇರಿದವರಿಂದ ಎಣಿಸಿ, ಪರೀಕ್ಷೆ ಬರೆದವರಿಂದಲ್ಲ

ಇದು ಸಣ್ಣ ಮಾತು ಅನ್ನಿಸಬಹುದು, ಆದರೆ ತುಂಬ ಕಡೆ ತಪ್ಪುವುದು ಇಲ್ಲೇ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೊದಲ ಸೆಮಿಸ್ಟರಿಗೆ 60 ಜನ ಸೇರಿದರು. ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಕೂತವರು 52. ಬಾಕಿ ಯಾವ ಪೇಪರ್ ಇಲ್ಲದೆ ಪಾಸಾದವರು 41. ನೋಟಿಸ್ ಬೋರ್ಡಿನಲ್ಲಿ ಬರುವುದು 52ಕ್ಕೆ 41, ಅಂದರೆ ಶೇ 79. ಆದರೆ ನಮ್ಮನ್ನು ನಂಬಿ ಬಂದವರು 60 ಜನ ಅಲ್ವಾ? ಹಾಗೆ ಲೆಕ್ಕ ಹಾಕಿದರೆ ಶೇ 68. ನಡುವೆ ಬಿಟ್ಟುಹೋದ ಆ ಎಂಟು ಜನ ಯಾರು, ಯಾವ ಸೆಮಿಸ್ಟರಿನಲ್ಲಿ ಹೋದರು, ಎಲ್ಲಿಂದ ಬಂದವರು ಎಂದು ಹುಡುಕಿ. ದಾಖಲಾತಿ ರಿಜಿಸ್ಟರ್ ಮತ್ತು ಹಾಜರಿ ಪುಸ್ತಕ ಪಕ್ಕ ಪಕ್ಕ ಇಟ್ಟುಕೊಂಡರೆ ಒಂದು ಮಧ್ಯಾಹ್ನದ ಕೆಲಸ.

ನಮ್ಮಲ್ಲಿ ಹುಡುಕಿದಾಗ ಬಿಟ್ಟುಹೋದವರಲ್ಲಿ ಹೆಚ್ಚಿನವರು ಪಿಯುಸಿವರೆಗೆ ಅಥವಾ ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಬಿಟ್ಟಿದ್ದು ಮೊದಲ ಎರಡು ಸೆಮಿಸ್ಟರಿನಲ್ಲೇ. ಆ ಮಕ್ಕಳಿಗೆ ರಸಾಯನಶಾಸ್ತ್ರ ಕಷ್ಟವಾಗಿರಲಿಲ್ಲ. ಇಂಗ್ಲಿಷಿನಲ್ಲಿ ಬರುವ ಒಂದು ಪುಟದ ಪ್ರಶ್ನೆಪತ್ರಿಕೆಯನ್ನು ಮೂರು ಗಂಟೆಯೊಳಗೆ ಓದಿ ಅರ್ಥ ಮಾಡಿಕೊಂಡು ಉತ್ತರ ಬರೆಯುವುದು ಕಷ್ಟವಾಗಿತ್ತು. ಅವರನ್ನು ಲೆಕ್ಕದಿಂದಲೇ ಬಿಟ್ಟಿದ್ದರೆ ಈ ವಿಷಯ ನಮಗೆ ತಿಳಿಯುತ್ತಲೇ ಇರಲಿಲ್ಲ.

ಕರ್ನಾಟಕದವರಿಗೆ ಇನ್ನೊಂದು ಎಚ್ಚರಿಕೆ. 2021-22ರಲ್ಲಿ ನಮ್ಮ ಪದವಿ ಕೋರ್ಸ್‌ಗಳು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಮಾದರಿಗೆ ಬಂದವು. 2024-25ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಒಂದೇ ಕಾರಿಡಾರಿನಲ್ಲಿ ಎರಡು ಸ್ಕೀಮಿನ ಮಕ್ಕಳು ಓಡಾಡಿದ್ದಾರೆ. ಹಳೆಯ ಸ್ಕೀಮಿನ ಬಾಕಿ ಪೇಪರಿನವರು ಬೇರೆ. ಸ್ಕೀಮ್ ಬದಲಾದರೆ ಕ್ರೆಡಿಟ್, ಪೇಪರುಗಳ ಸಂಖ್ಯೆ, ಲ್ಯಾಬ್ ಗಂಟೆ ಎಲ್ಲವೂ ಬದಲಾಗುತ್ತವೆ. ಐದು ವರ್ಷದ ಫಲಿತಾಂಶವನ್ನು ಒಂದೇ ಗೆರೆಯಲ್ಲಿ ಎಳೆದು "ಇಳಿಮುಖ", "ಏರುಮುಖ" ಎಂದು ಬರೆಯಬೇಡಿ. ಪ್ರತಿ ಸಂಖ್ಯೆಯ ಪಕ್ಕ ಸ್ಕೀಮಿನ ಹೆಸರು ಇರಲಿ. ಸ್ಕೀಮ್ ಯಾವುದೇ ಇದ್ದರೂ ಬದಲಾಗದ ವಿಷಯಗಳನ್ನು ಮಾತ್ರ ಹೋಲಿಸಿ. ಎಷ್ಟು ಜನ ಉಳಿದರು, ಎಷ್ಟು ಜನ ಸಮಯಕ್ಕೆ ಪದವಿ ಪಡೆದರು, ಎಷ್ಟು ಜನ ಎಂಎಸ್ಸಿಗೋ ಬಿಎಡ್‌ಗೋ ಕೆಲಸಕ್ಕೋ ಹೋದರು, ಇಷ್ಟು ಸಾಕು.

ಹಂತ 5: ಅಟೈನ್‌ಮೆಂಟ್ ಲೆಕ್ಕ ಹಾಕಿ, ಆಮೇಲೆ ಲೆಕ್ಕ ಬಿಟ್ಟು ಲ್ಯಾಬಿಗೆ ಹೋಗಿ

ಅಟೈನ್‌ಮೆಂಟ್ ಅಂದರೆ ಒಂದು ಸಿಒದ ಗುರಿಯನ್ನು ತರಗತಿ ಎಷ್ಟರ ಮಟ್ಟಿಗೆ ಮುಟ್ಟಿತು ಎಂಬ ಅಳತೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಡೀ ಪರಿಶೀಲನೆಯ ಜೀವ ಇರುವುದು ಈ ಹಂತದಲ್ಲಿ.

ದ್ರಾವಣ ತಯಾರಿಸುವ ಆ ಸಿಒವನ್ನೇ ತೆಗೆದುಕೊಳ್ಳಿ. ಅದಕ್ಕೆ ಸಂಬಂಧಿಸಿದ ಪ್ರಶ್ನೆಗಳಲ್ಲಿ ಶೇ 60 ಅಂಕ ಬಂದರೆ ವಿದ್ಯಾರ್ಥಿ ಗುರಿ ಮುಟ್ಟಿದ ಎಂದು ವಿಭಾಗ ನಿಶ್ಚಯಿಸಿದೆ ಅನ್ನೋಣ. ತರಗತಿಯಲ್ಲಿ ಶೇ 70 ಜನ ಗುರಿ ಮುಟ್ಟಿದರೆ 3ನೇ ಮಟ್ಟ, ಶೇ 60 ಆದರೆ 2, ಶೇ 50 ಆದರೆ 1. ಈ ಅಳತೆ ಕಾಲೇಜಿನಿಂದ ಕಾಲೇಜಿಗೆ ಬೇರೆ ಇರುತ್ತದೆ. ಯಾವುದೇ ಇರಲಿ, ಪರೀಕ್ಷೆಗೆ ಮುಂಚೆಯೇ ಬರೆದಿಡಬೇಕು. ಫಲಿತಾಂಶ ಬಂದಮೇಲೆ ಗುರಿ ಇಳಿಸುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

60 ಜನರಲ್ಲಿ ಇಂಟರ್ನಲ್ ಟೆಸ್ಟಿನಲ್ಲಿ ಗುರಿ ಮುಟ್ಟಿದವರು 38. ಶೇ 63, ಅಂದರೆ 2ನೇ ಮಟ್ಟ. ಸೆಮಿಸ್ಟರ್ ಪರೀಕ್ಷೆಯಲ್ಲಿ 31. ಶೇ 52, ಅಂದರೆ 1ನೇ ಮಟ್ಟ. ಇಂಟರ್ನಲ್‌ಗೆ ಶೇ 40 ತೂಕ, ಸೆಮಿಸ್ಟರ್ ಪರೀಕ್ಷೆಗೆ ಶೇ 60 ತೂಕ ಕೊಟ್ಟರೆ 0.8 ಮತ್ತು 0.6 ಸೇರಿ 1.4. ಇದು ನೇರ ಅಟೈನ್‌ಮೆಂಟ್. ಕೋರ್ಸ್ ಮುಗಿದಾಗ ಮಕ್ಕಳನ್ನೇ ಕೇಳುವ ಸಮೀಕ್ಷೆಯಲ್ಲಿ ಸರಾಸರಿ 2.6 ಬಂತು. ನೇರದ್ದಕ್ಕೆ ಶೇ 80, ಸಮೀಕ್ಷೆಗೆ ಶೇ 20 ತೂಕ ಹಾಕಿದರೆ 1.12 ಮತ್ತು 0.52, ಒಟ್ಟು 1.64. ನಮ್ಮ ಗುರಿ 2 ಇದ್ದರೆ ಮುಟ್ಟಲಿಲ್ಲ.

ತುಂಬ ವಿಭಾಗಗಳು ಇಲ್ಲಿಗೆ ನಿಲ್ಲಿಸುತ್ತವೆ. "ಹೆಚ್ಚುವರಿ ಟ್ಯುಟೋರಿಯಲ್ ತರಗತಿ ತೆಗೆದುಕೊಳ್ಳಲಾಗುವುದು" ಎಂದು ಬರೆದು ಸಹಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 1.64 ಅಂದರೆ ಜ್ವರ ಎಷ್ಟಿದೆ ಅಂತ ಗೊತ್ತಾಯಿತು, ಅಷ್ಟೇ. ಯಾಕೆ ಬಂದಿದೆ ಅಂತ ಇನ್ನೂ ಗೊತ್ತಾಗಿಲ್ಲ.

ಮೊದಲು ಆ ಎರಡು ಸಂಖ್ಯೆಗಳ ನಡುವಿನ ದೂರ ನೋಡಿ. ಮಕ್ಕಳು ತಮಗೆ ಬರುತ್ತದೆ ಎಂದು 2.6 ಕೊಟ್ಟಿದ್ದಾರೆ. ಉತ್ತರಪತ್ರಿಕೆ 1.4 ಹೇಳುತ್ತಿದೆ. ಬರುತ್ತದೆ ಅಂತ ಅವರು ನಿಜವಾಗಿ ನಂಬಿದ್ದಾರೆ. ಯಾಕೆ ನಂಬಿದ್ದಾರೆ?

ಹನ್ನೆರಡು ಉತ್ತರಪತ್ರಿಕೆ ತೆಗೆಯಿರಿ. ಚೆನ್ನಾಗಿ ಬರೆದವು ನಾಲ್ಕು, ನಡುವಿನವು ನಾಲ್ಕು, ಕಡಿಮೆಯವು ನಾಲ್ಕು. ಹೆಸರು ಮುಚ್ಚಿ ಇಬ್ಬರು ಅಧ್ಯಾಪಕರು ಕೂತು ಆ ಒಂದು ಪ್ರಶ್ನೆಯನ್ನು ಮಾತ್ರ ಓದಿ. ನಾವು ಓದಿದಾಗ ಕಂಡಿದ್ದು ಇದು. 12 ಎಂ (ಮೋಲಾರ್, ಸಾಂದ್ರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲದಿಂದ 0.1 ಎಂ ದ್ರಾವಣವನ್ನು 250 ಮಿ.ಲೀ. ಮಾಡುವುದು ಹೇಗೆ ಎಂದು ಕೇಳಿದ್ದೆವು. ಸೂತ್ರ ಎಲ್ಲರಿಗೂ ಗೊತ್ತು. ಸುಮಾರು 2.1 ಮಿ.ಲೀ. ಎಂಬ ಉತ್ತರ ಏಳು ಜನರಿಗೆ ಬಂದಿದೆ. ಆದರೆ "ಹೇಗೆ" ಅನ್ನುವ ಭಾಗಕ್ಕೆ ಬಂದಾಗ ಪೆನ್ನು ನಿಂತಿದೆ. ಇಬ್ಬರು 2.1 ಮಿ.ಲೀ. ಆಮ್ಲಕ್ಕೆ 250 ಮಿ.ಲೀ. ನೀರು ಸೇರಿಸಬೇಕು ಎಂದು ತಪ್ಪಾಗಿ ಬರೆದಿದ್ದಾರೆ. ನಿಖರ ಅಳತೆಯ ಗುರುತಿರುವ ವಾಲ್ಯುಮೆಟ್ರಿಕ್ ಫ್ಲಾಸ್ಕ್ ಎಂಬ ಮಾತು ಮೂರೇ ಪತ್ರಿಕೆಯಲ್ಲಿತ್ತು. ಮೊದಲು ನೀರು, ಆಮೇಲೆ ಆಮ್ಲ, ಕೊನೆಗೆ ಗುರುತಿನವರೆಗೆ ನೀರು ಎಂದು ಸರಿಯಾಗಿ ಬರೆದವರು ಇಬ್ಬರು.

ಮಾರನೇ ದಿನ ಲ್ಯಾಬಿಗೆ ಹೋಗಿ ನಿಂತೆವು. ಟೈಟ್ರೇಷನ್ ನಡೆಯುತ್ತಿತ್ತು. ಮಕ್ಕಳು ಬಂದರು, ಮೇಜಿನ ಮೇಲಿದ್ದ ಬಾಟಲಿಯಿಂದ ದ್ರಾವಣ ತುಂಬಿಕೊಂಡರು, ಬ್ಯೂರೆಟ್ ಬಿಟ್ಟರು, ರೀಡಿಂಗ್ ಬರೆದರು. ಕೈ ಚುರುಕಾಗಿತ್ತು. ಬಾಟಲಿಗಳನ್ನು ತುಂಬಿಟ್ಟಿದ್ದು ನಮ್ಮ ಅಟೆಂಡರ್. ಬೆಳಿಗ್ಗೆ ಎಂಟಕ್ಕೇ ಬಂದು ಎಲ್ಲ ದ್ರಾವಣ ಮಾಡಿಟ್ಟು, ಚೀಟಿ ಅಂಟಿಸಿ, ಸಾಲಾಗಿ ಇಡುತ್ತಾರೆ. ವರ್ಷಗಳಿಂದ ಹಾಗೆಯೇ. ಸಭೆಗೆ ಕರೆದಾಗ ಅವರು ಒಂದೇ ಮಾತು ಹೇಳಿದರು: "ಸಾರ್, ಇಲ್ಲಿ ದ್ರಾವಣ ಮಾಡೋಕೆ ಬರೋದು ನನಗೆ ಒಬ್ಬನಿಗೇ."

ನಮ್ಮ ಸಿಒ ಮಕ್ಕಳಿಗೆ ಕೊಟ್ಟಿದ್ದ ಮಾತು ಅದೇ ಅಲ್ವಾ. ಮೂರು ವರ್ಷದಲ್ಲಿ ಒಮ್ಮೆಯೂ ಅವರ ಕೈಗೆ ಆ ಕೆಲಸ ಕೊಟ್ಟಿರಲಿಲ್ಲ. ಕಾರಣ ಸೋಮಾರಿತನ ಅಲ್ಲ. ಮೂರು ಗಂಟೆಯ ಲ್ಯಾಬ್, 30 ಜನರ ಬ್ಯಾಚ್, ಎರಡೇ ತಕ್ಕಡಿ. ಎಲ್ಲರೂ ತೂಗಿ ದ್ರಾವಣ ಮಾಡಿಕೊಂಡರೆ ಪ್ರಯೋಗಕ್ಕೆ ಸಮಯವೇ ಉಳಿಯುತ್ತಿರಲಿಲ್ಲ. ಆ ತೊಂದರೆಗೆ ಯಾರೋ ಯಾವಾಗಲೋ ಒಂದು ದಾರಿ ಹುಡುಕಿದ್ದರು, ಅದೇ ಪದ್ಧತಿಯಾಗಿತ್ತು.

ಟ್ಯುಟೋರಿಯಲ್ ತರಗತಿ ಇಟ್ಟಿದ್ದರೆ ಈ ಮಕ್ಕಳು ಸೂತ್ರವನ್ನು ಇನ್ನೂ ಹತ್ತು ಸಲ ಬರೆಯುತ್ತಿದ್ದರು, ಅಷ್ಟೇ. ಬೇಕಾಗಿದ್ದು ಒಂದು ತಕ್ಕಡಿ ಮತ್ತು ಸೆಮಿಸ್ಟರಿನ ಮೊದಲ ಎರಡು ಲ್ಯಾಬ್ ದಿನ. ಇದಕ್ಕೆ ಬಿಒಎಸ್ ಕೂಡ ಬೇಕಿರಲಿಲ್ಲ.

ಕಲಾ ವಿಭಾಗದವರಿಗೂ ಇದೇ ದಾರಿ. ಇತಿಹಾಸದಲ್ಲಿ "ಮೂಲ ಆಕರಗಳನ್ನು ಓದಬಲ್ಲರು" ಎಂಬ ಸಿಒ ಇದ್ದರೆ ಒಂದು ಶಾಸನದ ಪಾಠವನ್ನು ಮಕ್ಕಳ ಕೈಗೆ ಎಷ್ಟು ಸಲ ಕೊಟ್ಟಿದ್ದೀರಿ? ಕನ್ನಡದಲ್ಲಿ "ಹಳಗನ್ನಡ ಪದ್ಯವನ್ನು ತಾವೇ ಬಿಡಿಸಿ ಅರ್ಥ ಮಾಡಿಕೊಳ್ಳಬಲ್ಲರು" ಎಂದಿದ್ದರೆ, ತರಗತಿಯಲ್ಲಿ ಪಾಠ ಮಾಡದ ಒಂದು ಪದ್ಯವನ್ನು ಪರೀಕ್ಷೆಯಲ್ಲಿ ಎಂದಾದರೂ ಕೇಳಿದ್ದೀರಾ? ಎಲ್ಲ ಸಿಒಗಳನ್ನೂ ಹೀಗೆ ನೋಡಲು ಆಗುವುದಿಲ್ಲ. ಗುರಿ ತಪ್ಪಿದ ಐದಾರು ಸಿಒ ಆರಿಸಿಕೊಂಡು ಅವನ್ನು ಮಾತ್ರ ಬೆನ್ನು ಹತ್ತಿ.

ಹಂತ 6: ಕೇಳುವುದು

ವಿದ್ಯಾರ್ಥಿ, ಅಧ್ಯಾಪಕರು, ಹಳೆಯ ವಿದ್ಯಾರ್ಥಿ, ಕೆಲಸ ಕೊಡುವವರು, ಈ ನಾಲ್ಕೂ ಕಡೆಯಿಂದ ಪಠ್ಯಕ್ರಮದ ಬಗ್ಗೆ ಅಭಿಪ್ರಾಯ ಪಡೆಯಬೇಕೆಂದು ನ್ಯಾಕ್ ಕೇಳುತ್ತದೆ. ಗೂಗಲ್ ಫಾರ್ಮ್ ಕಳಿಸಿ ಪೈ ಚಾರ್ಟ್ ಹಾಕಿದರೆ ನ್ಯಾಕ್‌ಗೆ ಸಾಕಾಗಬಹುದು. ನಿಮಗೆ ಸಾಕಾಗಬಾರದು.

ಫಾರ್ಮ್ ಕನ್ನಡದಲ್ಲೂ ಇರಲಿ. ಇದು ನಾನು ಜೋರಾಗಿ ಹೇಳುವ ಮಾತು. ಇಂಗ್ಲಿಷಿನಲ್ಲಿ ಕೇಳಿದಾಗ "ಗುಡ್" ಎಂದು ಒಂದೇ ಪದ ಬರೆದ ಮಕ್ಕಳು ಕನ್ನಡದಲ್ಲಿ ಕೇಳಿದಾಗ ಅರ್ಧ ಪುಟ ಬರೆದಿದ್ದಾರೆ. ಹೆಸರು ಕೇಳಬೇಡಿ. ಇಂಟರ್ನಲ್ ಮಾರ್ಕ್ಸ್ ಕೊಡುವ ಅಧ್ಯಾಪಕರೇ ಫಾರ್ಮ್ ಹಂಚಿ ಎದುರಿಗೆ ನಿಂತರೆ ಯಾರೂ ನಿಜ ಬರೆಯುವುದಿಲ್ಲ. ಮಾರ್ಕ್ಸ್ ಎಲ್ಲ ಘೋಷಣೆಯಾದ ಮೇಲೆ, ಬೇರೆ ವಿಭಾಗದವರ ಕೈಯಲ್ಲಿ ಮಾಡಿಸಿ. "ಪಾಠ ಹೇಗಿತ್ತು?" ಎಂದು ಕೇಳುವ ಬದಲು "ಯಾವ ಪಾಠ ನಿಮಗೆ ಇವತ್ತಿಗೂ ಅರ್ಥವಾಗಿಲ್ಲ?" ಎಂದು ಕೇಳಿ.

ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಹದಿನೈದು ಜನ ಸಾಕು. ಆದರೆ ಚೆನ್ನಾಗಿ ಸೆಟಲ್ ಆದವರಿಗೆ ಮಾತ್ರ ಮಾಡಬೇಡಿ. ವಿಷಯವನ್ನೇ ಬಿಟ್ಟು ಬೇರೆ ಕೆಲಸಕ್ಕೆ ಹೋದವರಿಗೂ ಮಾಡಿ. ಔಷಧ ಕಂಪನಿಯ ಕ್ವಾಲಿಟಿ ಕಂಟ್ರೋಲ್‌ನಲ್ಲಿ ಕೆಲಸ ಮಾಡುವ ನಮ್ಮ ಹುಡುಗಿಯೊಬ್ಬಳು ಹೇಳಿದ್ದು ನನಗೆ ಮರೆಯಲಾಗದು: "ಮೇಡಂ, ಕಾಲೇಜಿನಲ್ಲಿ ರೀಡಿಂಗ್ ತಪ್ಪಾದರೆ ರಬ್ಬರಿನಲ್ಲಿ ಅಳಿಸಿ ಸರಿ ಮಾಡ್ತಿದ್ವಿ. ಇಲ್ಲಿ ಹಾಗೆ ಅಳಿಸಿದ್ರೆ ಕೆಲಸ ಹೋಗತ್ತೆ. ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದು, ಸಹಿ, ತಾರೀಖು ಹಾಕಬೇಕು." ಮುಂದಿನ ಸೆಮಿಸ್ಟರಿನಿಂದ ನಮ್ಮ ಲ್ಯಾಬಿನಲ್ಲಿ ಪೆನ್ಸಿಲ್ ನಿಂತಿತು. ರೆಕಾರ್ಡ್ ಪುಸ್ತಕದ ನಿಯಮ ಬದಲಿಸಲು ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಹಂತ 7: ಸ್ವಯಂ ವರದಿ ಬರೆಯುವುದು

25 ಪುಟ ಮೀರಬೇಡಿ. ಕೋಷ್ಟಕಗಳು ಹಿಂದೆ ಅನುಬಂಧದಲ್ಲಿರಲಿ. ಹಳೆಯ ಶಿಫಾರಸುಗಳ ಸ್ಥಿತಿ, ಸೇರಿದವರ ಕಥೆ, ಗುರಿ ತಪ್ಪಿದ ಸಿಒಗಳು ಮತ್ತು ಕಾರಣ, ಕೇಳಿದ್ದರಿಂದ ತಿಳಿದದ್ದು, ಮುಂದೆ ಏನು ಮಾಡುತ್ತೇವೆ, ಈ ಕ್ರಮ ಸಾಕು. ಒಬ್ಬರೇ ಬರೆಯಲಿ, ಎಲ್ಲರೂ ಓದಲಿ. ಐದು ಜನ ಐದು ಅಧ್ಯಾಯ ಬರೆದು ಸೇರಿಸಿದರೆ ಅದು ವರದಿಯಾಗುವುದಿಲ್ಲ. ವಿಭಾಗದ ಎಲ್ಲ ಅಧ್ಯಾಪಕರು, ಅತಿಥಿ ಉಪನ್ಯಾಸಕರೂ ಸೇರಿ, ಕೂತು ಚರ್ಚಿಸಿದ ಮೇಲೆಯೇ ಹೊರಗೆ ಹೋಗಬೇಕು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಠ ಅತಿಥಿ ಉಪನ್ಯಾಸಕರ ಮೇಲೇ ನಿಂತಿದೆ. ಅವರನ್ನು ಬಿಟ್ಟು ಮಾಡಿದ ಚರ್ಚೆಗೆ ಬೆಲೆ ಇಲ್ಲ.

ಹಂತ 8: ಹೊರಗಿನವರ ಒಂದು ದಿನ

ಇಬ್ಬರು ಬೇರೆ ವಿಶ್ವವಿದ್ಯಾಲಯದ ಅಧ್ಯಾಪಕರು, ಒಬ್ಬರು ಉದ್ಯಮದಿಂದ ಅಥವಾ ಆ ವಿಷಯ ಬಳಸುವ ಕಡೆಯಿಂದ, ಒಬ್ಬರು ಹಳೆಯ ವಿದ್ಯಾರ್ಥಿ. ಸ್ವಾಯತ್ತ ಕಾಲೇಜಿನ ಬಿಒಎಸ್‌ಗೆ ಯುಜಿಸಿ ಹೇಳಿರುವ ರಚನೆಯಲ್ಲೂ ಹೊರಗಿನ ವಿಷಯ ತಜ್ಞರು, ಕುಲಪತಿಗಳು ನಾಮಕರಣ ಮಾಡಿದ ತಜ್ಞರೊಬ್ಬರು, ಉದ್ಯಮದ ಪ್ರತಿನಿಧಿ, ಹಳೆಯ ವಿದ್ಯಾರ್ಥಿ ಇರುತ್ತಾರೆ. ಆದರೂ ಪರಿಶೀಲನೆಗೆ ಬಿಒಎಸ್‌ನವರನ್ನೇ ಕರೆಯಬೇಡಿ. ಸಿಲಬಸ್‌ಗೆ ಒಪ್ಪಿಗೆ ಕೊಟ್ಟವರೇ ಅದನ್ನು ಪರಿಶೀಲಿಸುವುದು ಸರಿಯಲ್ಲ. ನಮ್ಮ ಗೈಡ್, ನಮ್ಮ ಸಹಪಾಠಿ ಎಂದು ಪರಿಚಯದವರನ್ನು ಕರೆಯುವ ಆಸೆಯನ್ನೂ ಬಿಡಿ.

ವರದಿಯನ್ನು ಮೂರು ವಾರ ಮುಂಚೆ ಕಳಿಸಿ. ಭೇಟಿಯ ದಿನ ಶಾಲು, ಹಾರ, ಸ್ವಾಗತ ಭಾಷಣ ಹತ್ತು ನಿಮಿಷದಲ್ಲಿ ಮುಗಿಯಲಿ. ಅವರ ಸಮಯದಲ್ಲಿ ಹೆಚ್ಚಿನ ಪಾಲು ಮಕ್ಕಳ ಜೊತೆಗಿರಲಿ, ಅಧ್ಯಾಪಕರು ಯಾರೂ ಆ ಕೋಣೆಯಲ್ಲಿ ಬೇಡ. ಮಾತಾಡುವ ಮಕ್ಕಳನ್ನು ನೀವು ಆರಿಸಬೇಡಿ. ಹಾಜರಿ ಪುಸ್ತಕ ಕೊಟ್ಟು ಅವರೇ ಹೆಸರು ಕರೆಯಲಿ. ಬ್ರಿಟನ್ನಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಪರಿಶೀಲನಾ ಸಮಿತಿಯಲ್ಲೇ ಒಬ್ಬ ವಿದ್ಯಾರ್ಥಿ ಸದಸ್ಯನಿರುತ್ತಾನೆ, ಪ್ರಶ್ನೆಯನ್ನೂ ಕೇಳುತ್ತಾನೆ. ನಮ್ಮಲ್ಲೂ ಬೇರೆ ವಿಭಾಗದ ಎಂಎಸ್ಸಿ ಅಥವಾ ಎಂಎ ವಿದ್ಯಾರ್ಥಿಯೊಬ್ಬರನ್ನು ಕೂರಿಸಿ ನೋಡಿ. ನಾನು ಕಂಡ ಕಡೆ ಆ ವಿದ್ಯಾರ್ಥಿ ಕೇಳಿದ ಪ್ರಶ್ನೆಗಳೇ ಎಲ್ಲಕ್ಕಿಂತ ನೇರವಾಗಿದ್ದವು.

ಹಂತ 9: ಶಿಫಾರಸುಗಳನ್ನು ಯಾರ ಮೇಜಿಗೆ ಕಳಿಸಬೇಕು?

ತಜ್ಞರು ಹೋದಮೇಲೆ ಹದಿನೈದಿಪ್ಪತ್ತು ಮಾತು ಕೈಯಲ್ಲಿರುತ್ತವೆ. ಎಲ್ಲವನ್ನೂ ಒಂದೇ ಪಟ್ಟಿ ಮಾಡಿ ಪ್ರಾಂಶುಪಾಲರಿಗೆ ಕೊಟ್ಟರೆ ಅಲ್ಲೇ ನಿಲ್ಲುತ್ತದೆ. ಬಿಡಿಸಿ ಹಂಚಿ.

ಲ್ಯಾಬಿನ ಕ್ರಮ, ಪಾಠದ ರೀತಿ, ರೆಕಾರ್ಡ್ ನಿಯಮ, ಸೇತುಬಂಧ ತರಗತಿ ಇವೆಲ್ಲ ವಿಭಾಗದ ಕೈಯಲ್ಲೇ ಇವೆ. ನಾಳೆಯಿಂದಲೇ ಶುರು ಮಾಡಬಹುದು. ಸಿಲಬಸ್, ಕ್ರೆಡಿಟ್, ಪ್ರಶ್ನೆಪತ್ರಿಕೆಯ ಮಾದರಿ ಬದಲಾಗಬೇಕಿದ್ದರೆ ಬಿಒಎಸ್‌ಗೆ ಹೋಗಬೇಕು, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ. ಒಪ್ಪಿಗೆ ಸಿಕ್ಕರೂ ಮುಂದಿನ ವರ್ಷ ಸೇರುವವರಿಗೆ ಅನ್ವಯ. ಈಗ ಓದುತ್ತಿರುವವರ ಸ್ಕೀಮನ್ನು ನಡುವೆ ಬದಲಿಸಬಾರದು. ತಕ್ಕಡಿ, ಪುಸ್ತಕ, ಕಂಪ್ಯೂಟರಿಗೆ ದುಡ್ಡು ಬೇಕು. ಬಜೆಟ್ ತಯಾರಾಗುವ ಮುಂಚೆಯೇ ಹಣಕಾಸು ಸಮಿತಿಗೆ ಕೊಟೇಶನ್ ಸಮೇತ ಕೊಡಿ. ಹುದ್ದೆ ತುಂಬುವ ಮಾತು ಸರ್ಕಾರ ಅಥವಾ ಆಡಳಿತ ಮಂಡಳಿಗೆ ಸೇರಿದ್ದು. ಅದು ನಿಮ್ಮ ಕೈಯಲ್ಲಿಲ್ಲ ಎಂದು ಬಿಡಬೇಡಿ. ಆ ಹುದ್ದೆ ಖಾಲಿ ಇರುವುದರಿಂದ ಯಾವ ಕೋರ್ಸ್ ಕುಂಟುತ್ತಿದೆ ಎಂದು ಸಾಕ್ಷಿ ಸಮೇತ ಬರೆಯಿರಿ.

ನೀವು ಸ್ವಾಯತ್ತ ಅಲ್ಲದ, ವಿಶ್ವವಿದ್ಯಾಲಯಕ್ಕೆ ಸಂಯೋಜಿತ ಕಾಲೇಜಿನವರಾದರೆ ಸಿಲಬಸ್ ಬದಲಿಸುವ ಅಧಿಕಾರ ನಿಮಗಿಲ್ಲ. ಹಾಗಂತ ಸುಮ್ನೆ ಕೂರಬೇಕಾಗಿಲ್ಲ. ಮೇಲಿನ ಮೊದಲ ಗುಂಪು ಪೂರ್ತಿ ನಿಮ್ಮದೇ. ವಿಶ್ವವಿದ್ಯಾಲಯದ ಬಿಒಎಸ್ ಅಧ್ಯಕ್ಷರಿಗೆ "ಸಿಲಬಸ್ ಜಾಸ್ತಿಯಾಯಿತು" ಎಂದು ಬರೆದ ಪತ್ರಕ್ಕಿಂತ, "ಈ ಘಟಕಕ್ಕೆ 12 ಗಂಟೆ ಕೊಟ್ಟಿದ್ದೀರಿ, ನಾಲ್ಕು ಕಾಲೇಜಿನಲ್ಲಿ ಮೂರು ವರ್ಷ 19 ಗಂಟೆ ಹಿಡಿದಿದೆ" ಎಂದು ಬರೆದ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಅಕ್ಕಪಕ್ಕದ ಕಾಲೇಜುಗಳವರು ಸೇರಿ ಬರೆಯಿರಿ.

ಹಂತ 10: ಕೊನೆಯ ಪುಟ

ಪ್ರತಿ ಶಿಫಾರಸಿನ ಮುಂದೆ ನಾಲ್ಕು ಮನೆ ಮಾಡಿ: ಏನು, ಯಾರು, ಯಾವ ತಾರೀಖಿನೊಳಗೆ, ಆಯಿತು ಎಂದು ತಿಳಿಯುವುದು ಹೇಗೆ. "ಯಾರು" ಅನ್ನುವ ಮನೆಯಲ್ಲಿ "ವಿಭಾಗ" ಎಂದು ಬರೆಯಬೇಡಿ. ಒಬ್ಬ ಮನುಷ್ಯರ ಹೆಸರು ಬೇಕು. ಅವರು ವರ್ಗವಾಗಿ ಹೋದರೆ ಚಾರ್ಜ್ ಕೊಡುವಾಗ ಈ ಕಾಗದವನ್ನೂ ಕೊಡಲಿ. "ತಿಳಿಯುವುದು ಹೇಗೆ" ಅನ್ನುವ ಮನೆಯಲ್ಲಿ ಕಣ್ಣಿಗೆ ಕಾಣುವಂಥದ್ದನ್ನು ಬರೆಯಿರಿ. ನಮ್ಮ ಪುಟದಲ್ಲಿ ಒಂದು ಸಾಲು ಹೀಗಿದೆ: "ಸೆಮಿಸ್ಟರಿನ ಎರಡನೇ ಲ್ಯಾಬ್ ದಿನ, ಬ್ಯಾಚಿನ ಪ್ರತಿ ವಿದ್ಯಾರ್ಥಿ ತಾನೇ ಮಾಡಿದ ದ್ರಾವಣದ ಬಾಟಲಿ, ತನ್ನ ಕೈಬರಹದ ಚೀಟಿಯೊಂದಿಗೆ, ಮೇಜಿನ ಮೇಲೆ."

ಆರು ತಿಂಗಳಿಗೊಮ್ಮೆ ಈ ಪುಟ ವಿಭಾಗದ ಸಭೆಯ ಮೊದಲ ವಿಷಯವಾಗಲಿ. ಆಗಿದ್ದರೆ ತಾರೀಖು ಹಾಕಿ. ಆಗದಿದ್ದರೆ ಯಾಕೆ ಅಂತ ಬರೆಯಿರಿ. ಎಕ್ಯೂಎಆರ್ ಬರೆಯುವಾಗ ಐಕ್ಯೂಎಸಿ ಇದರ ಪ್ರತಿಯನ್ನೇ ತೆಗೆದುಕೊಳ್ಳಲಿ, ಬೇರೆ ಕಾಗದ ಹುಟ್ಟಿಸುವುದು ಬೇಡ. ಮಕ್ಕಳಿಗೂ ತೋರಿಸಿ. ನೀವು ಹೇಳಿದ್ದಿರಿ, ನಾವು ಇದನ್ನು ಬದಲಿಸಿದೆವು, ಇದನ್ನು ಬದಲಿಸಲು ಆಗಲಿಲ್ಲ, ಕಾರಣ ಇದು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿ. ಮುಂದಿನ ಸಲ ಫೀಡ್‌ಬ್ಯಾಕ್ ಕೇಳಿದಾಗ ಅವರು ಬರೆಯುವ ರೀತಿಯೇ ಬದಲಾಗುತ್ತದೆ.

ನಮ್ಮ ವಿಭಾಗದ ಬೀರುವಿನಲ್ಲಿ ಈಗ ಆ ಪುಟ ಫೈಲಿನ ಕೊನೆಯಲ್ಲಿಲ್ಲ. ಮುಂದಿನ ಪರಿಶೀಲನೆಗೆಂದು ಒಂದು ಖಾಲಿ ಫೈಲ್ ತೆರೆದು, ಅದರ ಮೊದಲ ಹಾಳೆಯಾಗಿ ಸೇರಿಸಿದ್ದೇವೆ. ಹನ್ನೊಂದು ಸಾಲುಗಳಲ್ಲಿ ಆರಕ್ಕೆ ತಾರೀಖು ಬಿದ್ದಿದೆ.